ಶ್ವಾಸಕೋಶ, ನರಕೋಶ, ವಾಯುಕೋಶ: ಈ ಮೂರು ‘ಕೋಶ’ಗಳನ್ನು ಬಿಡಿಸುವುದು ಹೇಗೆ?

ಮಾನ್ಯರೆ,

ಮುಂಬಯಿಯ ಇಂಗ್ಲಿಷ್ ಮತ್ತು ಮರಾಠಿ ಮಾಧ್ಯಮದ ಶಾಲೆಗಳಲ್ಲಿ ಓದುತ್ತಿರುವ ನಮ್ಮವರ ಮಕ್ಕಳಿಗಾಗಿ ಮುಲುಂಡಿನಲ್ಲಿ ಭಾನುವಾರದ ಕನ್ನಡ ತರಗತಿಯೊಂದು ನಡೆಯುತ್ತಿದ್ದು, ಕಾಗುಣಿತ ದಾಟಿದವರಿಗೆ ಓದಲು ಏನಾದರೂ ಹುರುಳುಳ್ಳದ್ದು ಸಿಗಲಿ ಎಂದು ನಾನು ಮಾನವ ಶರೀರವನ್ನು ಕುರಿತು ಸಣ್ಣ ಪಾಠಗಳನ್ನು ಬರೆದುಕೊಡುತ್ತಿದ್ದೇನೆ. ‘ಶರೀರದಲ್ಲಿರುವ ಮೂರು ಬಗೆಯ ಜೀವಕೋಶಗಳನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ನರಕೋಶ, ಶ್ವಾಸಕೋಶ, ಗರ್ಭಕೋಶ’ ಎಂದು ಬರೆದಿದ್ದಾಳೆ. ಜೀವಶಾಸ್ತ್ರದ ಲೆಕ್ಕದಲ್ಲಿ ಎರಡು ಉತ್ತರ ತಪ್ಪು. ಕನ್ನಡ ಸಮಾಸದ ಲೆಕ್ಕದಲ್ಲಿ ಅವಳ ತರ್ಕದಲ್ಲಿ ಯಾವ ಲೋಪವೂ ಇಲ್ಲ. ಶಾಲೆಯಲ್ಲಿ ಈ ವಿಷಯವನ್ನು ಬೇರೆ ಭಾಷೆಯಲ್ಲಿ ಕಲಿತು, ಕನ್ನಡದ ಪಾರಿಭಾಷಿಕ ಪದಗಳನ್ನು ಅವುಗಳೊಳಗಿನ ಬಿಡಿಪದಗಳ ಅರ್ಥದಿಂದಲೇ ಊಹಿಸಬೇಕಾದ ಮಗು ಇನ್ನೇನು ತಾನೇ ಬರೆದೀತು?

‘ಕೋಶ’ ಎಂಬುದಕ್ಕೆ ಚೀಲ, ಒರೆ, ಹೊದಿಕೆ, ಭಂಡಾರ ಎಂಬ ಅರ್ಥಗಳು ಹಳೆಯವು. ಇಲ್ಲಿನ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ಕಾಣುವ ‘ಗೌರವ ಕೋಶಾಧಿಕಾರಿ’ಯಿಂದ ಹಿಡಿದು ಶಬ್ದಕೋಶದವರೆಗೆ, ಅನ್ನಮಯಾದಿ ಪಂಚಕೋಶಗಳವರೆಗೆ, ಒಳಗೊಂದನ್ನು ಇಟ್ಟುಕೊಂಡು ಹೊರಗಿನಿಂದ ಕಾಪಾಡುವುದು ಎಂಬ ಭಾವವೇ ಎಲ್ಲ ಕಡೆಯೂ ಇದೆ. ಹಾಗಾಗಿ ಮೂತ್ರಕೋಶ, ಪಿತ್ತಕೋಶ, ಗರ್ಭಕೋಶಗಳು ನಿಜಕ್ಕೂ ಕೋಶಗಳೇ. ಇನ್ನೊಂದು ಅರ್ಥ ಸೂಕ್ಷ್ಮದರ್ಶಕದ ಕಾಲದ್ದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲಿ ಬಿರಡೆಯ ಮರದ ತೆಳುವಾದ ಸೀಳಿನಲ್ಲಿ ಕಂಡ ಖಾಲಿ ಗೂಡುಗಳನ್ನು ಸಣ್ಣ ಕೋಣೆ ಎಂಬರ್ಥದ ‘ಸೆಲ್’ ಎಂಬ ಪದದಿಂದ ಕರೆದನು. ಅವನು ಕಂಡದ್ದು ಜೀವವಿಲ್ಲದ ಗೋಡೆಗಳನ್ನಷ್ಟೆ. ಸಸ್ಯಗಳೂ ಪ್ರಾಣಿಗಳೂ ಇಂಥ ಘಟಕಗಳಿಂದಲೇ ಆಗಿವೆ ಎಂದು ಜರ್ಮನಿಯ ವಿಜ್ಞಾನಿಗಳಾದ ಶ್ಲೈಡೆನ್ ಮತ್ತು ಶ್ವಾನ್ ಪ್ರತಿಪಾದಿಸಿದ್ದು 1838–39ರಲ್ಲಿ. ಖಾಲಿ ಕೋಣೆಯ ಹೆಸರು ತುಂಬಿದ ಘಟಕಕ್ಕೆ ನಿಂತಿತು; ಕನ್ನಡದಲ್ಲಿ ಅದಕ್ಕೆ ‘ಜೀವ’ವನ್ನು ಸೇರಿಸಿ ‘ಜೀವಕೋಶ’ ಎಂದದ್ದು, ನನ್ನ ದೃಷ್ಟಿಯಲ್ಲಿ, ಮೂಲಕ್ಕಿಂತ ಮೇಲಾದ ಪದ.

ತೊಡಕು ಇರುವುದು ಆ ‘ಜೀವ’ವನ್ನು ಸಮಾಸದಲ್ಲಿ ಬಿಟ್ಟುಬಿಡುವುದರಲ್ಲಿ. ‘ಕೋಶ’ ಪೂರ್ವಪದವಾಗಿ ಬಂದಾಗ ಗೊಂದಲ ಇಲ್ಲವೆಂದೇ ಹೇಳಬಹುದು: ಕೋಶಕೇಂದ್ರ, ಕೋಶಪೊರೆ, ಕೋಶಭಿತ್ತಿ, ಕೋಶವಿಭಜನೆ ಇವೆಲ್ಲವೂ ಜೀವಕೋಶಕ್ಕೇ ಸೇರಿದವು. (ಕೀಟಗಳ ‘ಕೋಶಾವಸ್ಥೆ’ ಅಪವಾದ, ಮಾನವ ಶರೀರದ ಪಾಠಕ್ಕೆ ಅದು ಅಡ್ಡ ಬರುವುದಿಲ್ಲ.) ‘ಕೋಶ’ ಉತ್ತರಪದವಾದಾಗ ಮಾತ್ರ ಅರ್ಥ ಮೂರು ದಾರಿ ಹಿಡಿಯುತ್ತದೆ. ನರಕೋಶ ಒಂದೇ ಒಂದು ಜೀವಕೋಶ. ಶ್ವಾಸಕೋಶ ಕೋಟಿಗಟ್ಟಲೆ ಜೀವಕೋಶಗಳುಳ್ಳ ಅಂಗ. ವಾಯುಕೋಶ ಇವೆರಡೂ ಅಲ್ಲ.

ಅತಿ ಹೆಚ್ಚು ತೊಂದರೆ ಕೊಡುವುದು ಈ ಮೂರನೆಯದೇ. ಉಸಿರ್ನಾಳ ಕವಲೊಡೆಯುತ್ತ ಹೋಗಿ ಕೊನೆಗೆ ಸೇರುವ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಅಗಲದ ಗಾಳಿಯ ಪೊಟರೆಗಳಿಗೆ ‘ವಾಯುಕೋಶ’ ಎಂಬ ಹೆಸರಿದೆ. ವಯಸ್ಕರ ಎರಡು ಶ್ವಾಸಕೋಶಗಳಲ್ಲಿ ಸೇರಿ ಅವು ಸುಮಾರು 30ರಿಂದ 50 ಕೋಟಿ ಇರುತ್ತವೆ. ಇಷ್ಟು ದೊಡ್ಡ ಸಂಖ್ಯೆಯನ್ನು ಓದಿದ ಕೂಡಲೇ ಮಕ್ಕಳು ಅವನ್ನು ಜೀವಕೋಶಗಳೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಒಂದೊಂದು ವಾಯುಕೋಶದ ಗೋಡೆಯಲ್ಲಿಯೂ ಎರಡು ಮುಖ್ಯ ಬಗೆಯ ಜೀವಕೋಶಗಳಿವೆ. ಅತ್ಯಂತ ತೆಳುವಾಗಿ ಹರಡಿಕೊಂಡ ಚಪ್ಪಟೆ ಜೀವಕೋಶಗಳು ಗೋಡೆಯ ಬಹುಪಾಲನ್ನು ಆವರಿಸಿ, ಆಮ್ಲಜನಕವನ್ನು ರಕ್ತದ ಕಡೆಗೂ ಇಂಗಾಲದ ಡೈಆಕ್ಸೈಡನ್ನು ಗಾಳಿಯ ಕಡೆಗೂ ಹಾಯಗೊಡುತ್ತವೆ. ಅವುಗಳ ನಡುನಡುವೆ ಇರುವ ದಪ್ಪನೆಯ ಜೀವಕೋಶಗಳು ಕೊಬ್ಬು ಮತ್ತು ಪ್ರೋಟೀನು ಬೆರೆತ ದ್ರವವೊಂದನ್ನು ಸ್ರವಿಸುತ್ತವೆ. ಒಳಗೋಡೆಯನ್ನು ತೇವವಾಗಿಡುವ ನೀರಿನ ಪದರದ ಮೇಲ್ಮೈ ಎಳೆತವನ್ನು ಈ ದ್ರವ ತಗ್ಗಿಸದಿದ್ದರೆ ಉಸಿರು ಬಿಟ್ಟಾಗಲೆಲ್ಲ ಪೊಟರೆಗಳು ಕುಸಿದು ಅಂಟಿಕೊಳ್ಳುತ್ತಿದ್ದವು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಉಸಿರಾಟ ಕಷ್ಟವಾಗುವುದಕ್ಕೆ ಇದರ ಕೊರತೆಯೇ ದೊಡ್ಡ ಕಾರಣ. ಇಷ್ಟೆಲ್ಲವನ್ನೂ ವಿವರಿಸಹೊರಟು ‘ಶ್ವಾಸಕೋಶದ ವಾಯುಕೋಶದ ಕೋಶಗಳು’ ಎಂದು ಬರೆದರೆ ವ್ಯಾಕರಣ ಸರಿಯಿರುತ್ತದೆ, ಓದುವವರ ಗತಿ ದೇವರೇ ಬಲ್ಲ.

ಮರಾಠಿಯಲ್ಲಿ ಈ ಇಕ್ಕಟ್ಟು ಇಷ್ಟಿಲ್ಲ. ಅಲ್ಲಿ ಜೀವಕೋಶ ‘ಪೇಶಿ’, ಶ್ವಾಸಕೋಶ ‘ಫುಪ್ಫುಸ’, ಚೀಲದಂಥ ಅಂಗಗಳಿಗೆ ಮೂತ್ರಾಶಯ, ಗರ್ಭಾಶಯ, ಪಿತ್ತಾಶಯ. ಡೆಂಗ್ಯೂ ಬಂದ ಮನೆಗಳಲ್ಲಿ ನಮ್ಮ ತಾಯಂದಿರು ಕೂಡ ‘ಬಿಳಿ ಪೇಶಿ ಕಮ್ಮಿಯಾಗಿದೆ’ ಎಂದೇ ಹೇಳುವಷ್ಟು ಆ ಪದ ಇಲ್ಲಿನ ಕನ್ನಡದೊಳಗೆ ಬಂದಿದೆ. ಆದರೂ ಬರಹಕ್ಕೆ ಅದನ್ನು ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸುಶ್ರುತಸಂಹಿತೆ ಶರೀರದಲ್ಲಿ 500 ಪೇಶಿಗಳಿವೆ ಎಂದು ಎಣಿಸುವಾಗ ಹೇಳುವುದು ಮಾಂಸಖಂಡಗಳನ್ನು. ಹಿಂದಿಯಲ್ಲಿಯೂ ಪೇಶಿ ಎಂದರೆ ಸ್ನಾಯುವೇ. ಒಂದೇ ಬೀದಿಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಕೇಳುವ ಮಗುವಿಗೆ ಅದು ಇನ್ನೊಂದು ಗೊಂದಲವಾದೀತು.

ಇಷ್ಟರಲ್ಲಿಯೇ ‘ರಕ್ತಕಣ’ದ ಪ್ರಶ್ನೆಯೂ ಏಳುತ್ತದೆ. ‘ಕೋಶ’ವಿಲ್ಲದ ಈ ಪದವನ್ನು ಓದಿದವರು ರಕ್ತಕಣವನ್ನು ಉಪ್ಪಿನ ಹರಳಿನಂಥ ನಿರ್ಜೀವ ಚೂರೆಂದು ತಿಳಿಯುವುದನ್ನು ನೋಡಿದ್ದೇನೆ. ಮಾನವ ಶರೀರದ ಒಟ್ಟು ಜೀವಕೋಶಗಳು ಸುಮಾರು 30 ಲಕ್ಷ ಕೋಟಿ ಎಂಬ ಅಂದಾಜಿದ್ದು, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಕೆಂಪು ರಕ್ತಕಣಗಳೇ. ಅವನ್ನು ಜೀವಕೋಶದ ಲೆಕ್ಕದಿಂದ ಹೊರಗಿಟ್ಟರೆ ಆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ, ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ದೇಹಕ್ಕೆಲ್ಲ ಆಮ್ಲಜನಕವನ್ನು ಹೊತ್ತು ಹಂಚುವ ಅದು, ತನ್ನ ಶಕ್ತಿಗಾಗಿ ಅದನ್ನು ಕಿಂಚಿತ್ತೂ ಬಳಸದೆ, ಗ್ಲೂಕೋಸನ್ನು ಲ್ಯಾಕ್ಟೇಟ್ ಆಗಿ ಒಡೆದು ಸುಮಾರು 120 ದಿನ ಬದುಕುತ್ತದೆ. ಇಷ್ಟು ಕೆಲಸ ಮಾಡುವುದನ್ನು ‘ಕಣ’ ಎಂದು ತಳ್ಳಿಹಾಕುವುದು ಅನ್ಯಾಯವೆಂದು ಕಾಣಬಹುದು. ಆದರೆ ಕಿರುತಟ್ಟೆಗಳ (ಪ್ಲೇಟ್‌ಲೆಟ್‌ಗಳ) ವಿಷಯ ಬಂದಾಗ ‘ಕಣ’ವೇ ಸರಿ: ಅವು ಮೂಳೆಯ ಮಜ್ಜೆಯಲ್ಲಿರುವ ದೈತ್ಯ ಜೀವಕೋಶಗಳಿಂದ ಕಳಚಿಕೊಂಡ ತುಣುಕುಗಳು, ಇಡಿಯ ಜೀವಕೋಶಗಳಲ್ಲ. ‘ರಕ್ತಕೋಶ’ ಎಂದು ಬದಲಾಯಿಸಿದರೆ ಕಿರುತಟ್ಟೆಯನ್ನು ಎಲ್ಲಿಡುವುದು? ಮೂರನ್ನೂ ಒಟ್ಟಿಗೆ ಹೇಳುವಾಗ ‘ರಕ್ತಕಣ’ವನ್ನೇ ಉಳಿಸಿಕೊಂಡು, ಕೆಂಪು ಮತ್ತು ಬಿಳಿಯವು ಜೀವಕೋಶಗಳೆಂದು ಪಾಠದಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡುವುದೇ ಮೇಲು.

ಶ್ವಾಸಕೋಶ, ಗರ್ಭಕೋಶಗಳನ್ನು ಬದಲಾಯಿಸುವ ಮಾತೇ ಬೇಡ. ಅವು ಜನರ ಬಾಯಲ್ಲಿ ನೆಲೆಸಿವೆ. ಮೂತ್ರಾಶಯ, ಗರ್ಭಾಶಯಗಳು ಕನ್ನಡದಲ್ಲಿಯೂ ಬಳಕೆಯಲ್ಲಿರುವುದರಿಂದ ಪಾಠದಲ್ಲಿ ಅವುಗಳ ಕಡೆಗೆ ವಾಲಬಹುದು, ಅಷ್ಟೆ. ಬಿಡಿಯಾಗಿ ಬಂದ ಕಡೆಯಲ್ಲೆಲ್ಲ ‘ಕೋಶ’ ಎನ್ನದೆ ‘ಜೀವಕೋಶ’ ಎಂದೇ ಬರೆಯುವುದು, ನರಕೋಶವನ್ನು ‘ನರ ಜೀವಕೋಶ’ ಎಂದು ಬಿಡಿಸುವುದು ನನ್ನ ಸದ್ಯದ ತೀರ್ಮಾನ. ಕಿವಿಗೆ ಇದು ತುಸು ಭಾರವೆನಿಸುತ್ತದೆ; ಹನ್ನೆರಡು–ಹದಿಮೂರರ ಮಕ್ಕಳ ಪಾಠದಲ್ಲಿ ಆ ಭಾರವನ್ನು ಹೊರಬಹುದು ಎಂದುಕೊಂಡಿದ್ದೇನೆ.

ಉಳಿಯುವುದು ವಾಯುಕೋಶ. ‘ಗಾಳಿಚೀಲ’ ಎನ್ನೋಣವೆಂದರೆ ಅದು ಹಕ್ಕಿಗಳ ದೇಹದಲ್ಲಿರುವ, ಅನಿಲ ವಿನಿಮಯ ನಡೆಯದ ಚೀಲಗಳಿಗೆ ಬೇಕಾದ ಪದ. ಎದೆಗೂಡು, ರೇಷ್ಮೆಗೂಡುಗಳ ಜಾಡಿನಲ್ಲಿ ‘ಗಾಳಿಗೂಡು’ ಎಂದರೆ ಹೇಗೆ? ಶ್ವಾಸಕೋಶದ ಗಾಳಿಗೂಡುಗಳ ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ ಎಂಬ ವಾಕ್ಯವನ್ನು ಆ ಹುಡುಗಿ ತಡವರಿಸದೆ ಓದಬಲ್ಲಳು. ಕರ್ನಾಟಕದ ಶಾಲೆಗಳಲ್ಲಿ ವಿಜ್ಞಾನ ಕಲಿಸುವವರು, ವೈದ್ಯವೃತ್ತಿಯಲ್ಲಿದ್ದು ಕನ್ನಡದಲ್ಲಿ ಬರೆಯುವವರು ತರಗತಿಯಲ್ಲಿ ಅಥವಾ ರೋಗಿಗಳೊಡನೆ ಮಾತನಾಡುವಾಗ ಇದಕ್ಕೆ ಯಾವ ಪದವನ್ನು ಬಳಸುತ್ತೀರಿ? ‘ನರ ಜೀವಕೋಶ’ ಎಂದು ಬಿಡಿಸಿ ಬರೆಯುವುದಕ್ಕೆ ಆಕ್ಷೇಪವಿದ್ದರೆ ಅದನ್ನೂ ತಿಳಿಸಬೇಕಾಗಿ ಕೋರಿಕೆ.