ಪದಚರ್ಚೆ: ಎಲೆಕ್ಟ್ರಿಕ್ ಸ್ಕೂಟರಿನ ‘ರೇಂಜ್’ಗೆ ಬೋರ್ಡಿನ ಮೇಲೆ ಏನು ಬರೆಯೋದು?

ಬಾಗಲಕೋಟೆ, ನವನಗರದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಕೆಲಸ. ನಮ್ಮಣ್ಣನ ಗ್ಯಾರೇಜ್ ಇದೆ. ಇಷ್ಟು ದಿನ ಪೆಟ್ರೋಲ್ ಸ್ಕೂಟರ್ ಮಾತ್ರ ನೋಡುತ್ತಿದ್ದ. ಈಗ ಎಲೆಕ್ಟ್ರಿಕ್ ಗಾಡಿಗಳನ್ನೂ ಹಿಡಿದಿದ್ದಾನೆ. ಹಳೆಯ ಎಲೆಕ್ಟ್ರಿಕ್ ಗಾಡಿ ಕೊಂಡು, ಸರಿಮಾಡಿ ಮಾರುತ್ತಾನೆ ಕೂಡ. ಅಂಗಡಿ ಮುಂದಿನ ಬೋರ್ಡು ಮತ್ತು ಗಿರಾಕಿಗಳ ಕೈಗೆ ಕೊಡುವ ಅರ್ಧ ಪುಟದ ಚೀಟಿ, ಎರಡೂ ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಮೊದಲು ‘ರೇಂಜ್’. ಪೆಟ್ರೋಲ್ ಗಾಡಿಗೆ ನಮ್ಮ ಕಡೆ ‘ಎವರೇಜ್’ ಅಂತೀವಿ, ಲೀಟರಿಗೆ ಇಷ್ಟು ಅಂತ. ಇಲ್ಲಿ ಲೀಟರೇ ಇಲ್ಲ. ಫುಲ್ ಚಾರ್ಜಿಗೆ ಎಷ್ಟು ದೂರ ಅನ್ನೋದು ಲೆಕ್ಕ. ನಿಘಂಟಿನಲ್ಲಿ ‘ವ್ಯಾಪ್ತಿ’ ಎಂದಿದೆ. ‘ವ್ಯಾಪ್ತಿ 90 ಕಿ.ಮೀ.’ ಎಂದು ಬರೆದು ಅಣ್ಣನಿಗೆ ತೋರಿಸಿದೆ. “ಇದೇನು ಪೊಲೀಸ್ ಠಾಣೆ ಏನವಾ?” ಅಂದ.

ಆಮೇಲೆ, ಎಕ್ಸಿಲೇಟರ್ ಬಿಟ್ಟಾಗ ಗಾಡಿ ತಾನೇ ನಿಧಾನವಾಗಿ ಬ್ಯಾಟರಿಗೆ ಚಾರ್ಜ್ ವಾಪಸ್ ಹೋಗುತ್ತದಲ್ಲ, ‘ರೀಜೆನ್’, ಅದಕ್ಕೇನು ಅನ್ನೋದು? ‘ಬ್ಯಾಟರಿ ಹೆಲ್ತ್’ಗೆ ‘ಬ್ಯಾಟರಿ ಆರೋಗ್ಯ’ ಅಂದರೆ ನಗುತ್ತಾರಾ? ಕೊನೆಯದಾಗಿ, ಬೋರ್ಡಿನಲ್ಲಿ ‘ರಿಪೇರಿ’ ಇರಲೋ ‘ದುರಸ್ತಿ’ ಇರಲೋ? ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಗಿದೆ, ಹಾಗಾಗಿ ಕನ್ನಡ ಇದ್ದೇ ಇರುತ್ತದೆ. ಓದಿದವರಿಗೆ ತಿಳಿದರೆ ಸಾಕು.

ವಿಜಯಪುರದಿಂದ:

‘ವ್ಯಾಪ್ತಿ’ ಬೇಡ ತಂಗೀ. ಅದು ಸುತ್ತಲೂ ಹರಡಿದ್ದಕ್ಕೆ ಹೇಳುವ ಮಾತು. ಗಾಡಿ ಸುತ್ತಲೂ ಹರಡುವುದಿಲ್ಲ, ಒಂದು ದಾರಿ ಹಿಡಿದು ಹೋಗುತ್ತದೆ. ‘ಚಲನದೂರ’ ಎಂದು ಬರೆಯಿರಿ. ಆದರೆ ಬೋರ್ಡಿನ ಮೇಲೆ ‘ವಿದ್ಯುತ್‌ಬಂಡಿ’ ಎಂದು ಮಾತ್ರ ಹಾಕಬೇಡಿ. ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ‘ವಿದ್ಯುದ್ವಾಹನ’ ಸರಿ. ದಕಾರಕ್ಕೆ ವಕಾರದ ಒತ್ತು. ಫ್ಲೆಕ್ಸ್ ಹುಡುಗರು ಅದನ್ನು ತಪ್ಪೇ ಹೊಡೆಯುತ್ತಾರೆ, ಪಕ್ಕದಲ್ಲಿ ನಿಂತು ಮಾಡಿಸಿ.

ಬೆಳಗಾವಿ, ತಿಲಕವಾಡಿಯಿಂದ:

ಒಂದು ಸಂಸ್ಕೃತ ತೆಗೆದು ಇನ್ನೊಂದು ಸಂಸ್ಕೃತ ಕೂರಿಸಿದ್ದಾಯಿತು. ಪಕ್ಕದಲ್ಲಿ ನಿಂತು ಬರೆಸಬೇಕಾದ ಪದ ಓದುವವನಿಗೆ ಏನು ತಿಳಿಯುತ್ತದೆ?

‘ಮಿಂಬಂಡಿ’ ಎನ್ನಿ. ಮಿಂಚು, ಮಿನುಗು ಎಲ್ಲದರಲ್ಲೂ ಇರುವ ಬೇರು ‘ಮಿನ್’, ಅದರ ಮುಂದೆ ಬಂಡಿ. ರೇಂಜ್‌ಗೆ ‘ಓಟದಳವು’. ಓಟ, ಅಳವು (ಶಕ್ತಿ), ಎರಡೂ ನಮ್ಮವೇ. ಚಾರ್ಜ್ ಅಂದರೆ ‘ಹುರುಪು’, ಹಾಗಾಗಿ ರೀಜೆನ್‌ಗೆ ‘ಮರುಹುರುಪು’. ರಿಪೇರಿಯೂ ಬೇಡ, ದುರಸ್ತಿಯೂ ಬೇಡ, ‘ಸರಿಪಡಿಕೆ’ ಇದೆ.

‘ಗಾಡಿ’ ಬೇಕಾದರೆ ಇರಲಿ. ಹೆಚ್ಚಿನವರು ಅದನ್ನು ಹಿಂದಿ ಎಂದುಕೊಂಡಿದ್ದಾರೆ, ನಿಜವಾಗಿ ಅದು ಕನ್ನಡದ ‘ಗಾಲಿ’ಯಿಂದ ಬಂದದ್ದು. ಗಾಲಿ ಇರುವುದು ಗಾಡಿ. ಲಕಾರ ಡಕಾರವಾಗಿದೆ. ಇದರ ಬಗ್ಗೆ ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರ ಕೊಡಲಿಲ್ಲ.

ವಿಜಯಪುರದಿಂದ:

ಉತ್ತರ ಕೊಡುವಂಥದ್ದು ಅದರಲ್ಲಿ ಇರಲಿಲ್ಲ. ಪ್ರಾಕೃತದಲ್ಲಿ ‘ಗಡ್ಡೀ’ ಇದೆ. ಮರಾಠಿ, ಗುಜರಾತಿ, ಹಿಂದಿ, ಪಂಜಾಬಿ ಎಲ್ಲದರಲ್ಲೂ ಅದರ ಮಕ್ಕಳಿವೆ. ಅವರೆಲ್ಲ ಬಂದು ನಮ್ಮ ಗಾಲಿ ಬಿಚ್ಚಿಕೊಂಡು ಹೋದರಾ? ನಮ್ಮದು ‘ಬಂಡಿ’.

ಬೆಳಗಾವಿ, ಶಹಾಪುರದಿಂದ:

ಅಕ್ಕಾರೆ, ನಾಳೆ ಮಧ್ಯಾಹ್ನದೊಳಗೆ ಎಂದಿದ್ದೀರಿ, ಇವರಿಬ್ಬರೂ ಬೇಗ ಮುಗಿಸುವ ಹಾಗೆ ಕಾಣುವುದಿಲ್ಲ. ನಾನು ವ್ಯಾಕರಣದವನಲ್ಲ. ಹಳೆಯ ಚೇತಕ್ ಓಡಿಸಿದವನು. ಈಗ ಮನೆಯಲ್ಲಿ ಎಲೆಕ್ಟ್ರಿಕ್ ಇದೆ. ಸಂಜೆ ಹೊತ್ತು ಗೆಳೆಯನ ಗ್ಯಾರೇಜಿನಲ್ಲಿ ಕೂತು ಹರಟೆ ಹೊಡೆಯುವ ಚಟವೂ ಇದೆ.

ಅಲ್ಲಿ ಯಾವ ಗಿರಾಕಿಯೂ ‘ರೇಂಜ್ ಎಷ್ಟು’ ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. “ಎಷ್ಟು ಕೊಡ್ತೈತ್ರಿ?” ಅಂತಾರೆ. ಇಲ್ಲವೇ “ಗೋಕಾಕಕ್ಕೆ ಹೋಗಿ ಬರಬಹುದಾ?” ನಿಮ್ಮ ಕಡೆಯಾದರೆ ಬಾದಾಮಿ ಅಂತಾರೇನೋ. ಎರಡರಲ್ಲೂ ನಾಮಪದವೇ ಇಲ್ಲ ನೋಡಿ. ಇಂಗ್ಲಿಷಿನಲ್ಲಿ ಒಂದು ನಾಮಪದ ಇದೆ, ಅದಕ್ಕೆ ಸರಿಯಾಗಿ ನಮ್ಮಲ್ಲೂ ಒಂದು ನಾಮಪದ ಹುಟ್ಟಿಸಲೇಬೇಕು ಅಂತ ಯಾಕೆ ಹಟ? ‘ಒಂದು ಚಾರ್ಜಿಗೆ 90 ಕಿ.ಮೀ. ಓಡುತ್ತದೆ’ ಎಂದು ಬರೆಯಿರಿ. ಕ್ರಿಯಾಪದ ಇದ್ದರೆ ‘ಚಲನದೂರ’ವೂ ಬೇಡ, ‘ಓಟದಳವು’ ಕೂಡ ಬೇಡ.

ಆದರೆ ಆ 90 ಯಾರ ಲೆಕ್ಕ ಅನ್ನೋದನ್ನು ಮೊದಲು ಅಣ್ಣನ ಹತ್ತಿರ ಕೇಳಿ. ಪದಕ್ಕಿಂತ ಜಾಸ್ತಿ ಜಗಳ ಬರೋದು ಅಲ್ಲಿ. ಕಂಪನಿ ಕೊಡುವ ಅಂಕಿ ಪರೀಕ್ಷೆಯ ಕೋಣೆಯಲ್ಲಿ, ರೋಲರ್ ಮೇಲೆ ಗಾಡಿ ನಿಲ್ಲಿಸಿ, ಗೊತ್ತು ಮಾಡಿದ ವೇಗದಲ್ಲಿ ಓಡಿಸಿ ತೆಗೆದದ್ದು. ಅಲ್ಲಿ ಎದುರುಗಾಳಿ ಇಲ್ಲ, ಹಿಂದೆ ಕೂತ ಹೆಂಡತಿ ಇಲ್ಲ, ಮುಂದೆ ಜೋಳದ ಚೀಲ ಇಲ್ಲ. ರೋಡಿನ ಮೇಲೆ ಅದಕ್ಕಿಂತ ಕಡಿಮೆಯೇ ಬರುತ್ತದೆ. ಹೀಗೆ ಲೆಕ್ಕ ಹಾಕಿ: ಬ್ಯಾಟರಿ 3 ಕಿಲೋವ್ಯಾಟ್-ಅವರ್, ಅಂದರೆ 3000 ವ್ಯಾಟ್-ಅವರ್ ಅಂದುಕೊಳ್ಳೋಣ. ಊರೊಳಗೆ ಸಮಾಧಾನವಾಗಿ ಓಡಿಸಿದರೆ ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ಹೋಗುತ್ತದೆ. ಅಂದರೆ ನೂರರ ಆಸುಪಾಸು. ಅದೇ ಗಾಡಿಯನ್ನು ಹೈವೇಗೆ ಹಾಕಿ ಜೋರಾಗಿ ಬಿಟ್ಟರೆ 40 ಆಗುತ್ತದೆ, ಓಟ 75ಕ್ಕೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದಕ್ಕೆ. ಟೈರಿನಲ್ಲಿ ಹವಾ ಕಡಿಮೆ ಇದ್ದರೆ ಇನ್ನೂ ಕಮ್ಮಿ. ಬಾದಾಮಿಗೆ ಹೋಗಿ ಬರಬಹುದು ಎಂದು ನಂಬಿ ಹೋದವನು ಬರುವಾಗ ಗಾಡಿ ದೂಡಿಕೊಂಡು ಬಂದರೆ ನೇರ ನಿಮ್ಮ ಬೋರ್ಡಿನ ಮುಂದೆಯೇ ನಿಲ್ಲುತ್ತಾನೆ. ಅದಕ್ಕೇ ಚೀಟಿಯಲ್ಲಿ ಎರಡು ಸಾಲು ಇರಲಿ: ‘ಕಂಪನಿ ಲೆಕ್ಕ’ ಇಷ್ಟು, ‘ರೋಡಿನ ಲೆಕ್ಕ’ ಇಷ್ಟು.

ಇನ್ನು ರೀಜೆನ್. ಇದಕ್ಕೆ ಒಂದು ಪದ ಸಿಕ್ಕರೂ ಪ್ರಯೋಜನ ಇಲ್ಲ, ವಿಷಯವನ್ನೇ ಹೇಳಬೇಕು. ಪೆಟ್ರೋಲ್ ಸ್ಕೂಟರ್ ಬಿಟ್ಟು ಹೊಸದಾಗಿ ಇದಕ್ಕೆ ಬಂದವರು ಗ್ಯಾರೇಜಿಗೆ ತರುವ ದೊಡ್ಡ ದೂರು ಇದೇ. “ರೇಸ್ ಬಿಟ್ಟ ಕೂಡಲೇ ಗಾಡಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಗತೈತಿ, ಬ್ರೇಕ್ ಜಾಮ್ ಆಗೇತಿ ನೋಡ್ರಿ” ಅಂತ. ನನ್ನ ಗೆಳೆಯ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಕೀಲಿ ಬಂದ್ ಮಾಡಿ, ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ತೋರಿಸುತ್ತಾನೆ. ಗಾಲಿ ಸಲೀಸಾಗಿ ತಿರುಗುತ್ತದೆ. ಗಿರಾಕಿ ಬಗ್ಗಿ ಡ್ರಮ್ ಕಡೆ ನೋಡುತ್ತಾನೆ, ಬೆರಳಿಂದ ಮುಟ್ಟುತ್ತಾನೆ, ಆಗಲೂ ಅರ್ಧ ನಂಬಿಕೆ. ಮೋಟರೇ ಆ ಹೊತ್ತಿಗೆ ಡೈನಮೋ ಆಗುತ್ತದೆ, ಗಾಡಿಯ ಓಟವನ್ನು ತಿಂದು ಕರೆಂಟ್ ಮಾಡುತ್ತದೆ ಅಂದಾಗ ತಲೆಗೆ ಹೋಗುತ್ತದೆ. ಸೈಕಲ್ ಡೈನಮೋ ಟೈರಿಗೆ ತಾಗಿಸಿದಾಗ ಪೆಡಲ್ ಬಿಗಿಯಾಗಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ ಅಲ್ವಾ?

ಚೀಟಿಯಲ್ಲಿ ಇನ್ನೊಂದು ಮಾತು ಸೇರಿಸಿ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಈ ಎಳೆತ ಕಡಿಮೆ ಇರುತ್ತದೆ, ಕೆಲವು ಗಾಡಿಗಳಲ್ಲಿ ಇರುವುದೇ ಇಲ್ಲ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಲು ಜಾಗ ಎಲ್ಲಿದೆ? ಬೆಳಗ್ಗೆ ಚಾರ್ಜರ್ ಕಿತ್ತ ಕೂಡಲೇ ಇಳಿಜಾರಿಗೆ ಬಿಟ್ಟವನು ಅದನ್ನೇ ನಂಬಿ ಬ್ರೇಕ್ ಮೇಲಿನ ಕೈ ತೆಗೆಯಬಾರದು.

ಬ್ಯಾಟರಿ ಹೆಲ್ತ್‌ಗೆ ‘ಆರೋಗ್ಯ’ ಬೇಡ. ನಮ್ಮ ಕಡೆ ಒಳ್ಳೆಯ ಮಾತಿದೆ, ‘ಕಸುವು’. ಮೀಟರಿನಲ್ಲಿ 100 ತೋರಿಸಿದರೂ ಹಳೆಯ ಬ್ಯಾಟರಿ ಹೊಸದರಷ್ಟು ಓಡುವುದಿಲ್ಲ. ಚಾರ್ಜ್ ತುಂಬಿದೆ, ಕಸುವು ಇಲ್ಲ. ಹಳೆಯ ಗಾಡಿ ಮಾರುವವರು ಈ ಎರಡನ್ನು ಬೇರೆ ಬೇರೆ ಬರೆಯಲೇಬೇಕು. ಮೋಸ ಆಗುವುದು ಇಲ್ಲೇ.

ಬೆಳಗಾವಿ, ತಿಲಕವಾಡಿಯಿಂದ:

‘ಕಸುವು’ ಒಪ್ಪಿದೆ. ಉಳಿದದ್ದು ಒಪ್ಪಲಾರೆ. ‘ಎಷ್ಟು ಕೊಡುತ್ತದೆ’ ಎನ್ನುವುದು ಹಿಂದಿಯ ‘ಕಿತನಾ ದೇತೀ ಹೈ’ಯ ನೇರ ನಕಲು. ‘ಎವರೇಜ್’ ಅಂತೂ ಮಹಾರಾಷ್ಟ್ರದ ರೋಡಿನ ಮೇಲೆ ಬಂದ ಇಂಗ್ಲಿಷ್. ಮೈಸೂರು ಕಡೆ ಯಾರಾದರೂ ಎವರೇಜ್ ಅಂತಾರಾ? ಮೈಲೇಜ್ ಅಂತಾರೆ.

ಬೆಳಗಾವಿ, ಶಹಾಪುರದಿಂದ:

ಮೈಲೇಜ್ ಅಚ್ಚಗನ್ನಡ ಅಂತ ಗೊತ್ತಿರಲಿಲ್ಲ.

ಎಮ್ಮೆ ಮಾರುವ ಸಂತೆಯಲ್ಲಿ “ಹೊತ್ತಿಗೆ ಎಷ್ಟು ಕೊಡ್ತೈತಿ?” ಎಂದು ಕೇಳುವವರು ಹಿಂದಿ ಕಲಿತು ಬಂದಿದ್ದರೇ? ಸಾಕಿದ್ದರಿಂದ ಬರುವುದಕ್ಕೆಲ್ಲ ‘ಕೊಡು’ ಎನ್ನುವುದು ನಮ್ಮಲ್ಲಿ ಮೊದಲಿನಿಂದ ಇದೆ. ಗಾಡಿಯನ್ನೂ ಸಾಕುತ್ತೇವೆ, ಅಷ್ಟೇ.

ವಿಜಯಪುರದಿಂದ:

ತಂಗಿ ದುರಸ್ತಿಯ ಬಗ್ಗೆ ಕೇಳಿದ್ದಾಳೆ, ಅದನ್ನು ಯಾರೂ ಮುಟ್ಟಲಿಲ್ಲ. ‘ದುರುಸ್ತ್’ ಪಾರಸಿ. ಸರಿಯಾದದ್ದು ಎಂದರ್ಥ. ಆದಿಲ್‌ಶಾಹಿ 1686ರಲ್ಲಿ ಮುಗಿಯಿತು. ಪದ ಮುಗಿಯಲಿಲ್ಲ. ಸರ್ಕಾರದ ಕಡತದಲ್ಲಿ ರಸ್ತೆ ದುರಸ್ತಿ, ಕೆರೆ ದುರಸ್ತಿ ಇಂದಿಗೂ ಇದೆ. ನನ್ನ ಮತ ದುರಸ್ತಿಗೆ. ‘ರಿಪೇರಿ’ ಇಂಗ್ಲಿಷ್.

ಬೆಳಗಾವಿ, ತಿಲಕವಾಡಿಯಿಂದ:

ಅಂದರೆ ದೊರೆಗಳ ಎರವಲು ಒಳ್ಳೆಯದು, ಗ್ಯಾರೇಜಿನವರ ಎರವಲು ಕೆಟ್ಟದ್ದು. ಸರಿ.

ಎರವಲು ಎರವಲೇ ಸರ್. ಇವತ್ತು ಪಾನಾ, ಪಕ್ಕಡ ಒಳಗೆ ಬಿಟ್ಟಿರಿ. ನಾಳೆ ಸ್ಟೆಪ್ನಿ, ಕೋನ್‌ಸೆಟ್, ಕಂಟ್ರೋಲರ್. ಆಮೇಲೆ ಕನ್ನಡದಲ್ಲಿ ಉಳಿಯುವುದು ‘ಇದೆ’, ‘ಇಲ್ಲ’ ಎರಡೇ.

ಬೆಳಗಾವಿ, ಶಹಾಪುರದಿಂದ:

ಸ್ಟೆಪ್ನಿಯನ್ನು ಇಂಗ್ಲಿಷ್ ಅಂತ ಬೈಯುವ ಮೊದಲು ಒಂದು ಮಾತು. ಇಂಗ್ಲೆಂಡಿನಲ್ಲಿ ಕೇಳಿದರೆ ಈಗ ಅದು ಯಾರಿಗೂ ಗೊತ್ತಾಗುವುದಿಲ್ಲ. ವೇಲ್ಸಿನ ಲ್ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಹೆಚ್ಚುವರಿ ಗಾಲಿ ಮಾಡಿ ಮಾರುತ್ತಿದ್ದರು. ಬೀದಿಯ ಹೆಸರು ಗಾಲಿಗೆ ಬಂತು. ಅಲ್ಲಿಯವರು ಮರೆತರು, ನಾವು ಇಟ್ಟುಕೊಂಡೆವು. ಚೇತಕ್ಕಿನಲ್ಲಿ ಮೂರನೇ ಗಾಲಿ ಕೂತಿರುವಷ್ಟು ದಿನ ಆ ಪದ ಇತ್ತು. ಈಗಿನ ಎಷ್ಟೋ ಸ್ಕೂಟರಿಗೆ ಸ್ಟೆಪ್ನಿಯೇ ಇಲ್ಲ. ಟ್ಯೂಬ್‌ಲೆಸ್ ಟೈರು, ಪಂಚರ್ ಕಡ್ಡಿ ಚುಚ್ಚಿ ಮುಂದೆ ಹೋಗುತ್ತಾರೆ. ಸ್ಕೂಟರಿನ ಮಟ್ಟಿಗೆ ಪದವನ್ನು ನೀವು ಓಡಿಸಬೇಕಿಲ್ಲ, ವಸ್ತು ಹೋದರೆ ತಾನೇ ಹೋಗುತ್ತದೆ.

ಕೆಲವು ವಸ್ತು ಹೋದರೂ ಪದ ಉಳಿಯುತ್ತದೆ, ಅದು ಬೇರೆ ಮಾತು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಕಾಕ್ ತಿರುಗಿಸಿ ರಿಸರ್ವಿಗೆ ಹಾಕುತ್ತಿದ್ದೆವಲ್ಲ? ನನ್ನ ಮಗ ಆ ಕಾಕ್ ನೋಡಿಯೇ ಇಲ್ಲ. ಆದರೂ ಎಲೆಕ್ಟ್ರಿಕ್ ಗಾಡಿಯಲ್ಲಿ ಚಾರ್ಜ್ 15ಕ್ಕೆ ಇಳಿದರೆ “ಗಾಡಿ ರಿಸರ್ವಿಗೆ ಬಂತು” ಅಂತಾನೆ. ಅಕ್ಕಾರೆ, ಇದನ್ನೂ ಚೀಟಿಗೆ ಹಾಕಿಕೊಳ್ಳಿ, ಎಲ್ಲರಿಗೂ ತಿಳಿಯುತ್ತದೆ.

ಮತ್ತೆ, ನವನಗರದಲ್ಲಿ ವಿಳಾಸ ಬರೆಯುವಾಗ ಸೆಕ್ಟರ್ ನಂಬರ್ ಅಂತಲೇ ಬರೆಯುತ್ತೀರಲ್ಲ, ಅದರ ಬಗ್ಗೆ ತಿಲಕವಾಡಿಯವರು ಏನಂತಾರೆ?

ಬೆಳಗಾವಿ, ತಿಲಕವಾಡಿಯಿಂದ:

‘ಬಡಾವಣೆ’ ಅಂತ ಹೇಳುತ್ತೇನೆ. ಆದರೆ ಯಾರು ಕೇಳಬೇಕು.

ವಿಜಯಪುರದಿಂದ:

ಬಡಾವಣೆಯ ‘ಬಡಾ’ ಎಲ್ಲಿಂದ ಬಂತು ಎಂದು ಶುರು ಮಾಡಬೇಡಿ.

ಬಾಗಲಕೋಟೆ, ನವನಗರದಿಂದ:

ಎಲ್ಲರಿಗೂ ಧನ್ಯವಾದ. ಗುರುಗಳೇ, ‘ವಿದ್ಯುದ್ವಾಹನ’ ಬರೆಸಿ ನೋಡಿದೆ. ಫ್ಲೆಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗಿ ಕೂತಿತು. ಬೋರ್ಡಿನ ಮೇಲೆ ಕೊನೆಗೆ ಇಷ್ಟು: ‘ಪೆಟ್ರೋಲ್ ಮತ್ತು ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ’. ದುರಸ್ತಿ ನನಗೂ ಇಷ್ಟವಿತ್ತು. ಆದರೆ ಅಣ್ಣ, ದುರಸ್ತಿ ಅಂದರೆ ರೋಡಿನದು ಅಂದುಕೊಳ್ಳುತ್ತಾರೆ ಅಂದ. ಗಿರಾಕಿ ಅವನಿಗೆ ಬೇಕು, ಅವನ ಮಾತೇ ನಡೆಯಿತು.

ಚೀಟಿ ಹೀಗಿದೆ, ನೋಡಿ ಹೇಳಿ:

‘ಒಂದು ಚಾರ್ಜಿಗೆ ಎಷ್ಟು ಓಡುತ್ತದೆ? ಕಂಪನಿ ಲೆಕ್ಕ ... ಕಿ.ಮೀ. ನಮ್ಮ ರೋಡಿನ ಲೆಕ್ಕ ... ಕಿ.ಮೀ. ಇಬ್ಬರು ಕೂತರೆ, ಜೋರಾಗಿ ಬಿಟ್ಟರೆ, ಟೈರಿನಲ್ಲಿ ಹವಾ ಕಡಿಮೆ ಇದ್ದರೆ ಇನ್ನೂ ಕಡಿಮೆ.

ಬ್ಯಾಟರಿಯ ಕಸುವು: ಹೊಸದರಲ್ಲಿ 100 ಇದ್ದದ್ದು ಈಗ ...

ರೇಸ್ ಬಿಟ್ಟಾಗ ಗಾಡಿ ಹಿಂದಕ್ಕೆ ಎಳೆದಂತೆ ಆಗುತ್ತದೆ. ಬ್ರೇಕ್ ಜಾಮ್ ಆಗಿಲ್ಲ. ಆಗ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಹೋಗುತ್ತದೆ. ಬ್ಯಾಟರಿ ಫುಲ್ ಇದ್ದಾಗ ಈ ಎಳೆತ ಇರುವುದಿಲ್ಲ, ಬ್ರೇಕ್ ಮೇಲೆ ಕೈ ಇರಲಿ.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣ್ಣಗಾಗಲಿ. ಕಂಪನಿ ಚಾರ್ಜರನ್ನೇ ಬಳಸಿ. ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿ.

ಗಾಡಿ ರಿಸರ್ವಿಗೆ ಬಂದರೆ ಮನೆ ಕಡೆ ತಿರುಗಿಸಿ.’

ಒಂದೇ ಒಂದು ಅನುಮಾನ ಉಳಿದಿದೆ. ‘ಚಾರ್ಜಿಗೆ’ ಸರಿಯೋ, ‘ಚಾರ್ಜ್‌ಗೆ’ ಸರಿಯೋ?

ವಿಜಯಪುರದಿಂದ:

ಚಾರ್ಜಿಗೆ. ವ್ಯಂಜನದ ಮೇಲೆ ಇಕಾರ ಬರಲೇಬೇಕು.

ಬೆಳಗಾವಿ, ತಿಲಕವಾಡಿಯಿಂದ:

‘ಹುರುಪಿಗೆ’ ಎಂದಿದ್ದರೆ ಈ ಅನುಮಾನವೇ ಬರುತ್ತಿರಲಿಲ್ಲ.

ಬೆಳಗಾವಿ, ಶಹಾಪುರದಿಂದ:

‘ಎಳೆತ ಇರುವುದಿಲ್ಲ’ ಅಂತ ಇದೆಯಲ್ಲ, ಅದನ್ನು ‘ಕಡಿಮೆ ಇರುತ್ತದೆ’ ಮಾಡಿ ಅಕ್ಕಾರೆ. ಎಲ್ಲ ಗಾಡಿಯಲ್ಲೂ ಪೂರ್ತಿ ಹೋಗುವುದಿಲ್ಲ. ಉಳಿದದ್ದು ಪ್ರಿಂಟಿಗೆ ಕೊಡಿ.