ಮಕ್ಕಳ ಭೇದಿ: ಡಾಕ್ಟರನ್ನು ಕೇಳಿ

(ನಮ್ಮ ಬೆಂಗಳೂರು ಅಮ್ಮಂದಿರ ಗುಂಪು. ಇಂದು ಸಂಜೆ ಮಕ್ಕಳ ಡಾಕ್ಟರ್ ಉತ್ತರ ಕೊಡುತ್ತಾರೆ.)

ಬನಶಂಕರಿ ಅಮ್ಮ: ಮೇಡಂ, ಮಗನಿಗೆ 11 ತಿಂಗಳು. ನಿನ್ನೆ ವಾಂತಿ, ಆಮೇಲೆ ನೀರು ನೀರಾಗಿ ಭೇದಿ. ಹಲ್ಲು ಬರುತ್ತಿರುವುದಕ್ಕಾ? ಆಂಟಿಬಯೋಟಿಕ್ ಕೊಡಲಾ?

ಡಾಕ್ಟರ್: ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ರಕ್ತ ಇಲ್ಲದ ನೀರು ಭೇದಿ ಹೆಚ್ಚಾಗಿ ವೈರಸ್‌ನಿಂದ, ರೋಟಾ, ನೋರೋ ಇಂಥವು. ಆಂಟಿಬಯೋಟಿಕ್ ಬೇಡ. ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಎಂಎಲ್ ಓಆರ್‌ಎಸ್ ಚಮಚದಲ್ಲಿ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಜಿಂಕ್ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಅದನ್ನು ಮುಗಿಸಿ.

ಮಲ್ಲೇಶ್ವರ ಅಜ್ಜಿ: ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೋಟಕ್ಕೆ ಹಾಕಿ ಕೊಡುತ್ತೇವೆ, ಸರಿ ತಾನೆ?

ಡಾಕ್ಟರ್: ಸರಿಯಲ್ಲ ಅಮ್ಮಾ. ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೆ. ಕಡಿಮೆ ನೀರಿಗೆ ಹಾಕಿದರೆ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. 24 ಗಂಟೆ ಆದ ಮೇಲೆ ಉಳಿದಿದ್ದನ್ನು ಚೆಲ್ಲಿಬಿಡಿ.

ಕೆಂಗೇರಿ ಅಮ್ಮ: ಮಗಳಿಗೆ ಒಂದೂವರೆ ವರ್ಷ. ಮೊನ್ನೆಯಿಂದ ಜ್ವರ, ಭೇದಿಯಲ್ಲಿ ರಕ್ತ, ಲೋಳೆ. ಮೆಡಿಕಲ್ ಶಾಪ್‌ನವರು ದೊಡ್ಡವರ ಮಾತ್ರೆ ಅರ್ಧ ಕೊಡಿ ಅಂದರು, ಕೊಟ್ಟೆವು. ಲೋಪೆರಮೈಡ್ ಅಂತ ಇದೆ. ಭೇದಿ ನಿಂತಿದೆ, ಆದರೆ ಹೊಟ್ಟೆ ಉಬ್ಬಿದೆ, ಮಂಕಾಗಿದ್ದಾಳೆ.

ಡಾಕ್ಟರ್: ಇನ್ನೊಂದು ಚೂರೂ ಕೊಡಬೇಡಿ. ಭೇದಿ ವಾಸಿಯಾಗಿ ನಿಂತಿಲ್ಲ. ಆ ಮಾತ್ರೆ ಕರುಳಿನ ಚಲನೆಯನ್ನೇ ತಡೆಯುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಹೊಟ್ಟೆ ಉಬ್ಬಿರುವುದು ಅದಕ್ಕೇ ಇರಬಹುದು. ಪುಟ್ಟ ಮಕ್ಕಳಿಗೆ ಮಂಪರು ತರುತ್ತದೆ, ಉಸಿರಾಟವನ್ನೂ ನಿಧಾನ ಮಾಡಬಹುದು. ಜ್ವರದ ಜೊತೆ ರಕ್ತ ಬಂದರೆ ನಾನು ಮೊದಲು ಅನುಮಾನಿಸುವುದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಬಹಳ ಜನ ಅಮೀಬಾ ಅಂದುಕೊಂಡು ಮೆಟ್ರೊನಿಡಜೋಲ್ ಕೊಡುತ್ತಾರೆ, ಈ ವಯಸ್ಸಿನಲ್ಲಿ ಅಮೀಬಾ ಅಪರೂಪ. ಆಂಟಿಬಯೋಟಿಕ್ ಬೇಕಾಗುವುದು ಇಂಥ ಭೇದಿಗೆ, ಆದರೆ ಯಾವುದು ಅಂತ ನೋಡಿದವರೇ ಬರೆಯಬೇಕು. ಕರುಳು ಒಂದರೊಳಗೊಂದು ಸಿಕ್ಕಿಕೊಂಡರೂ ಹೀಗೆ ರಕ್ತ, ಲೋಳೆ ಬರುತ್ತದೆ. ಅದನ್ನೂ ನೋಡಬೇಕು. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಕಣ್ಣು ಗುಳಿ ಬಿದ್ದಿದೆಯಾ? ಅತ್ತರೆ ನೀರು ಬರುತ್ತಾ?

ರಾಜಾಜಿನಗರ ಆಂಟಿ: ಬಂದಿದ್ದು ಹಾಗೇ ಕಳಿಸುತ್ತಿದ್ದೇನೆ: "ಜಾಯಿಕಾಯಿ ತೇದು ನೆಕ್ಕಿಸಿ, ಒಂದೇ ಗಂಟೆಯಲ್ಲಿ ಭೇದಿ ಮಾಯ."

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಜಾಯಿಕಾಯಿ ಜಾಸ್ತಿಯಾದರೆ ಮಗು ಮಂಕಾಗುತ್ತದೆ. ಆಗ ಮಂಕು ನೀರು ಕಡಿಮೆಯಾಗಿಯೋ, ಜಾಯಿಕಾಯಿಯಿಂದಲೋ, ಹೇಗೆ ಹೇಳಲಿ?

ರಾಜಾಜಿನಗರ ಆಂಟಿ: ನಮ್ಮ ಮಕ್ಕಳೆಲ್ಲ ಅದರಲ್ಲೇ ಬೆಳೆದರು.

ಯಲಹಂಕ ಅಪ್ಪ: ಇದಕ್ಕೆಲ್ಲ ಟ್ಯಾಂಕರ್ ನೀರೇ ಕಾರಣ. ಸಂಪು ತೊಳೆಯುವವರೇ ಇಲ್ಲ.

ಜಯನಗರ ಅಪ್ಪ: ನಮಗೆ ಕಾವೇರಿ ನೀರು, ಮನೆಯಲ್ಲಿ ಆರ್‌ಓ ಬೇರೆ. ಆದರೂ ಮಗುವಿಗೆ ಬಂತಲ್ಲ?

ಯಲಹಂಕ ಅಪ್ಪ: ಫಿಲ್ಟರ್ ಯಾವಾಗ ಬದಲಾಯಿಸಿದಿರಿ?

ಜಯನಗರ ಅಪ್ಪ: ಸುಮ್ನೆ ಮಾತಾಡಬೇಡಿ ಸಾರ್. ಟ್ಯಾಂಕರ್ ಕರೆಸುವವರು ನೀವು.

ಡಾಕ್ಟರ್: ಜಗಳ ನಿಲ್ಲಿಸಿ. ರೋಟಾ ಕೈಯಿಂದ, ಆಟಿಕೆಯಿಂದಲೂ ಹರಡುತ್ತದೆ. ಡೈಪರ್ ಬದಲಾಯಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನೋರೋಗೆ ಸ್ಯಾನಿಟೈಸರ್ ನಂಬಬೇಡಿ. ರೋಟಾ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, 6, 10, 14ನೇ ವಾರ.

ಹೆಬ್ಬಾಳ ಅಮ್ಮ: ನಮ್ಮ ಪಾಪುಗೆ 5 ತಿಂಗಳು, ಲಸಿಕೆ ಆಗಿಲ್ಲ. ಈಗ ಹಾಕಿಸಬಹುದಾ?

ವಿಜಯನಗರ ಅಮ್ಮ: ಹಲ್ಲು ಬರುವಾಗ ಭೇದಿ ಸಹಜ ಅಲ್ವಾ ಮೇಡಂ?

ಡಾಕ್ಟರ್: ಮೇಲೆ ಓದಿ. ಕೆಂಗೇರಿಯವರು ಎಲ್ಲಿ? ನಾನು ಕೇಳಿದ್ದಕ್ಕೆ ಉತ್ತರ ಕೊಡಿ.

ಕೆಂಗೇರಿ ಅಮ್ಮ: ಬೆಳಿಗ್ಗೆಯಿಂದ ಡೈಪರ್ ಒಣಗಿದೆ ಮೇಡಂ. ನಾಳೆ ಕ್ಲಿನಿಕ್‌ಗೆ ಹೋಗೋಣ ಅಂತಿದ್ದಾರೆ ಅತ್ತೆ.

ಡಾಕ್ಟರ್: ನಾಳೆಯಲ್ಲ, ಈಗಲೇ ಹೊರಡಿ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೋ, ವಾಣಿವಿಲಾಸವೋ, ಎಮರ್ಜೆನ್ಸಿ ಇರುವ ಯಾವುದಾದರೂ ಹತ್ತಿರದ್ದೋ. ಅತ್ತೆಯವರ ಜೊತೆ ನಾನೇ ಮಾತಾಡುತ್ತೇನೆ, ಫೋನ್ ಮಾಡಿ.

ರಾಜಾಜಿನಗರ ಆಂಟಿ: ಸ್ವಲ್ಪ ದಾಳಿಂಬೆ ಸಿಪ್ಪೆ ಕಷಾಯ...

ಡಾಕ್ಟರ್: ಬೇಡ ಅಂದೆನಲ್ಲ.

ಕೆಂಗೇರಿ ಅಮ್ಮ: ಆಟೋ ಹತ್ತಿದ್ದೇವೆ.

ಡಾಕ್ಟರ್: ಆ ಮಾತ್ರೆಯ ಸ್ಟ್ರಿಪ್ ಜೊತೆಗಿದೆಯಾ? ಎಷ್ಟು ಹೊತ್ತಿಗೆ, ಎಷ್ಟು ಸಲ ಕೊಟ್ಟಿರಿ ಅಂತ ಅಲ್ಲಿ ಮೊದಲೇ ಹೇಳಿ.

ಹೆಬ್ಬಾಳ ಅಮ್ಮ: ನನ್ನ ಪ್ರಶ್ನೆ ಮೇಡಂ?