ಎನ್‌ಪಿಎಸ್, ಹಳೆ ಪಿಂಚಣಿ, ಆರೋಗ್ಯ ಸಂಜೀವಿನಿ: ನಮ್ಮ ಬಳಗದ ಪ್ರಶ್ನೋತ್ತರ

(ಉತ್ತರಿಸುವವರು: ಖಜಾನೆ ಇಲಾಖೆಯಿಂದ ನಿವೃತ್ತರಾಗಿ ಸಾಗರದಲ್ಲಿ ನೆಲೆಸಿರುವ ಮೇಡಂ)

ಪ್ರಶ್ನೆ: ಪ್ರಾಥಮಿಕ ಶಾಲಾ ಶಿಕ್ಷಕಿ, ಹೊಸನಗರ ತಾಲೂಕು

ಮೇಡಂ, ನಮಸ್ಕಾರ. ನಾನು ಸೇವೆಗೆ ಸೇರಿದ್ದು 2008ರಲ್ಲಿ. ಪಿಂಚಣಿಯ ಮಾತು ಎದ್ದರೆ ನಮ್ಮ ಶಾಲೆಯಲ್ಲಿ ಊಟದ ಬಿಡುವು ಜಗಳದಲ್ಲೇ ಮುಗಿಯುತ್ತದೆ. ಎನ್‌ಪಿಎಸ್ (ಸಂಬಳದ ಒಂದು ಭಾಗ ಕಡಿತ ಮಾಡಿ ಹೂಡಿಕೆ ಮಾಡುವ ಹೊಸ ಪಿಂಚಣಿ ವ್ಯವಸ್ಥೆ) ತಂದದ್ದೇ ಬಿಜೆಪಿ ಎಂದು ಒಬ್ಬರು, ಹಳೆ ಪಿಂಚಣಿಯ ಆಸೆ ತೋರಿಸಿ ಮತ ಪಡೆದ ಕಾಂಗ್ರೆಸ್ ಈಗೇಕೆ ಸುಮ್ಮನಿದೆ ಎಂದು ಇನ್ನೊಬ್ಬರು. ನನಗೆ ತಿಳಿಯಬೇಕಾದದ್ದು ಇಷ್ಟು: 60 ತುಂಬಿದ ಮೇಲೆ ನನ್ನ ಕೈಗೆ ಬರುವುದೇನು? ತಿಂಗಳಿಗೆ ಹತ್ತು ಸಾವಿರ ಬಂದರೆ ಹೆಚ್ಚು ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಅಂದಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ.

ಉತ್ತರ

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ ಟೀಚರ್. ನಾನು ಹಳೆ ಪಿಂಚಣಿ ಪಡೆಯುತ್ತಿರುವವಳು. ಆ ಭದ್ರತೆ ಎಂಥದ್ದು ಎಂಬುದನ್ನು ಪ್ರತಿ ತಿಂಗಳೂ ಅನುಭವಿಸುತ್ತಿದ್ದೇನೆ. ಆದ್ದರಿಂದ ನಿಮ್ಮ ಆತಂಕ ಸಣ್ಣದು ಎಂದು ನಾನು ಹೇಳಲಾರೆ.

ಈಗ ಲೆಕ್ಕ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ 10, ಅಂದರೆ 6,000 ನಿಮ್ಮ ಸಂಬಳದಿಂದ ಕಡಿತವಾಗುತ್ತದೆ. ಸರ್ಕಾರ ಶೇ 14ರಂತೆ 8,400 ಸೇರಿಸುತ್ತದೆ. ಈ 14,400 ರೂಪಾಯಿ ನಿಮ್ಮ ಪ್ರಾನ್ ಖಾತೆಗೆ, ಅಂದರೆ ನಿಮ್ಮ ಹೆಸರಿನ ಎನ್‌ಪಿಎಸ್ ಖಾತೆಗೆ ಹೋಗಿ ಹೂಡಿಕೆಯಾಗುತ್ತದೆ. ನಿವೃತ್ತಿಯ ದಿನ ಖಾತೆಯಲ್ಲಿ 50 ಲಕ್ಷ ಇದ್ದರೆ ಅದರ ಶೇ 60, ಅಂದರೆ 30 ಲಕ್ಷವನ್ನು ತೆರಿಗೆಯಿಲ್ಲದೆ ಒಟ್ಟಿಗೆ ಪಡೆಯಬಹುದು. ಉಳಿದ 20 ಲಕ್ಷದಲ್ಲಿ ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ಜೀವನಪೂರ್ತಿ ಬರುವ ನಿಗದಿತ ಮೊತ್ತ, ಕೊಳ್ಳಲೇಬೇಕು. ವರ್ಷಕ್ಕೆ ಶೇ 6 ಸಿಕ್ಕಿದರೆ ತಿಂಗಳಿಗೆ 10,000 ಬರುತ್ತದೆ. ನಿಮ್ಮ ಸಹೋದ್ಯೋಗಿ ಹೇಳಿದ ಹತ್ತು ಸಾವಿರ ಇದೇ ಇರಬೇಕು. ಆ 30 ಲಕ್ಷವನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಪೂರ್ತಿ 50 ಲಕ್ಷವನ್ನೂ ವರ್ಷಾಶನಕ್ಕೆ ಹಾಕಿದರೆ ಅದೇ ದರದಲ್ಲಿ ತಿಂಗಳಿಗೆ 25,000 ಆಗುತ್ತದೆ.

ಇಷ್ಟು ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ನಿಜವಾದ ನಷ್ಟ ಇರುವುದು ಇನ್ನೊಂದು ಕಡೆ. ಹಳೆ ಪಿಂಚಣಿ ಪೂರ್ಣ ಸೇವೆಗೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ವೇತನ ಆಯೋಗ ಬಂದಾಗಲೆಲ್ಲ ಪರಿಷ್ಕರಣೆಯೂ ಆಗುತ್ತದೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದಾಗ ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು. ಸಾಮಾನ್ಯ ವರ್ಷಾಶನಕ್ಕೆ ಇಂಥ ಏರಿಕೆಯೇ ಇಲ್ಲ. 60ರಲ್ಲಿ ಬಂದ 25,000 ನಿಮಗೆ 85 ತುಂಬಿದಾಗಲೂ 25,000. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಸುಮಾರು 14 ವರ್ಷಗಳಲ್ಲಿ ಆ ಹಣಕ್ಕೆ ಅರ್ಧದಷ್ಟು ಸಾಮಾನು ಮಾತ್ರ ಬರುತ್ತದೆ. ಹಾಗಾಗಿ ಎನ್‌ಪಿಎಸ್ ನೌಕರರ ಹೋರಾಟಕ್ಕೆ ಗಟ್ಟಿ ಕಾರಣವಿದೆ. ಮಾರುಕಟ್ಟೆ ಬೀಳುವ ಅಪಾಯ, ಬೆಲೆ ಏರುವ ಅಪಾಯ, ಎಲ್ಲರಿಗಿಂತ ಹೆಚ್ಚು ಕಾಲ ಬದುಕುವ ಅಪಾಯ, ಈ ಮೂರನ್ನೂ ಒಬ್ಬ ಶಿಕ್ಷಕಿಯ ಹೆಗಲಿಗೆ ಹೊರಿಸಿದ್ದು ನ್ಯಾಯವಲ್ಲ ಎಂದೇ ನನ್ನ ನಿಲುವು.

ನಿಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಪ್ರಾನ್ ಖಾತೆಯ ವಿವರ ತೆಗೆದು ಮೊದಲ ವರ್ಷಗಳ ಬಾಕಿ ವಂತಿಗೆ, ನಿಮ್ಮದೂ ಸರ್ಕಾರದ್ದೂ, ಜಮೆಯಾಗಿದೆಯೇ ನೋಡಿ. ರಾಜ್ಯದಲ್ಲಿ ಎನ್‌ಪಿಎಸ್ ಬಂದ 2006ರ ನಂತರದ ಆರಂಭದ ವರ್ಷಗಳಲ್ಲಿ ಸೇರಿದ ಹಲವರ ಖಾತೆಗಳಲ್ಲಿ ಇಲ್ಲೇ ತೊಡಕು ಇರುವುದು. ಬಿಟ್ಟುಹೋಗಿದ್ದರೆ ವೇತನ ಬಟವಾಡೆ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಮನಿರ್ದೇಶನವನ್ನೂ ಪರಿಶೀಲಿಸಿ. ಮದುವೆಗೆ ಮುಂಚೆ ತಂದೆಯ ಹೆಸರು ಬರೆಸಿ ಹಾಗೆಯೇ ಬಿಟ್ಟವರು ಬಹಳ ಮಂದಿ.

ಪ್ರತಿಕ್ರಿಯೆ: ಕಂದಾಯ ಇಲಾಖೆಯ ನೌಕರ, ಶಿಕಾರಿಪುರ

ಮೇಡಂ, ಲೆಕ್ಕ ಸರಿ. ಆದರೆ ಇದನ್ನು ತಂದವರು ಯಾರು ಎಂಬುದನ್ನು ಏಕೆ ಬಿಟ್ಟಿರಿ? ಹಳೆ ಪಿಂಚಣಿಗೆ ಮರಳಿಸಿದ ರಾಜ್ಯಗಳಲ್ಲಿ ಯಾವ ಪಕ್ಷ ಇತ್ತು ಎಂಬುದು ಎಲ್ಲರಿಗೂ ಗೊತ್ತು.

ಉತ್ತರ

ಕೇಳಿದ್ದು ಒಳ್ಳೆಯದಾಯಿತು ಸರ್, ಪೂರ್ತಿಯಾಗಿಯೇ ಹೇಳುತ್ತೇನೆ. ಕೇಂದ್ರದಲ್ಲಿ 2004ರ ಜನವರಿ 1ರಿಂದ ಸೇರಿದವರಿಗೆ, ಸೇನಾಪಡೆಗಳನ್ನು ಬಿಟ್ಟು, ಈ ವ್ಯವಸ್ಥೆ ತಂದದ್ದು ವಾಜಪೇಯಿ ಅವರ ಸರ್ಕಾರ. ಎನ್‌ಪಿಎಸ್ ನೋಡಿಕೊಳ್ಳುವ ಪಿಂಚಣಿ ನಿಧಿ ಪ್ರಾಧಿಕಾರಕ್ಕೆ ಕಾನೂನಿನ ಬಲ ಕೊಟ್ಟ 2013ರ ಕಾಯ್ದೆ ಮನಮೋಹನ್ ಸಿಂಗ್ ಅವರ ಕಾಲದ್ದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಇದ್ದದ್ದು ಜೆಡಿಎಸ್ ಮತ್ತು ಬಿಜೆಪಿಯ ಮೈತ್ರಿ ಸರ್ಕಾರ. ಆಮೇಲೆ ಅಧಿಕಾರಕ್ಕೆ ಬಂದ ಎಲ್ಲರೂ ಅದನ್ನೇ ಮುಂದುವರಿಸಿದರು. ಎನ್‌ಪಿಎಸ್‌ಗೆ ಸೇರದೆ ಹಳೆ ಪಿಂಚಣಿಯಲ್ಲೇ ಉಳಿದದ್ದು ಪಶ್ಚಿಮ ಬಂಗಾಳ.

ರಾಜಸ್ಥಾನ, ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು 2022–23ರಲ್ಲಿ ಹಳೆ ಪಿಂಚಣಿಗೆ ಮರಳಲು ತೀರ್ಮಾನಿಸಿದವು. ಆಗ ಅಲ್ಲೆಲ್ಲ ಬಿಜೆಪಿಯೇತರ ಸರ್ಕಾರಗಳಿದ್ದವು ಎಂಬುದು ನಿಜ. ಆದರೆ ಅಲ್ಲಿನ ನೌಕರರ ಖಾತೆಗಳಲ್ಲಿ ಜಮೆಯಾಗಿದ್ದ ಹಣವನ್ನು ರಾಜ್ಯಗಳಿಗೆ ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳಿತು. ಆ ಜಗಳ ಬಗೆಹರಿಯುವ ಮುಂಚೆಯೇ ಘೋಷಣೆಗಳಾಗಿದ್ದವು.

ನಮ್ಮಲ್ಲಿ 2023ರ ಮಾರ್ಚ್ 1ರ ಮುಷ್ಕರವನ್ನು ನೆನಪಿಸಿಕೊಳ್ಳಿ. ಬೊಮ್ಮಾಯಿ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಕೊಟ್ಟು, ಎನ್‌ಪಿಎಸ್ ಬಗ್ಗೆ ಸಮಿತಿ ಮಾಡುವುದಾಗಿ ಹೇಳಿತು. ಎರಡು ತಿಂಗಳ ನಂತರ ಬಂದ ಕಾಂಗ್ರೆಸ್ ಪ್ರಣಾಳಿಕೆ 2006ರಿಂದ ಸೇರಿದವರಿಗೆ ಹಳೆ ಪಿಂಚಣಿ ವಿಸ್ತರಿಸುವುದನ್ನು ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ ಎಂದಿತು. ಕೊಡುತ್ತೇವೆ ಎಂದು ಅದರಲ್ಲಿ ಇರಲಿಲ್ಲ. ಪ್ರಚಾರದ ವೇದಿಕೆಗಳಲ್ಲಿ ಮಾತ್ರ ಕೊಟ್ಟೇಬಿಟ್ಟಂತೆ ಕೇಳಿಸಿತು. 2024ರ ಜನವರಿಯಲ್ಲಿ ಆದೇಶವಾದದ್ದು ಸುಮಾರು 13,000 ಮಂದಿಗೆ: ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮುಂಚೆ ಹೊರಟು, ಸೇವೆಗೆ ಸೇರಿದ್ದು ನಂತರ ಆದವರು. ಅವರಿಗೆ ಸಿಕ್ಕಿದ್ದು ನ್ಯಾಯವೇ. ಉಳಿದವರ ವಿಷಯದಲ್ಲಿ ಯಾವ ಪಕ್ಷದ ಭಾಷಣವನ್ನೂ ನಂಬಿ ಮನೆ ಸಾಲ ಮಾಡಬೇಡಿ. ಆರ್ಥಿಕ ಇಲಾಖೆಯ ಆದೇಶ ಕೈಗೆ ಬರುವವರೆಗೆ ನಿಮ್ಮ ಲೆಕ್ಕ ಎನ್‌ಪಿಎಸ್ ಲೆಕ್ಕವೇ ಆಗಿರಲಿ.

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು

ನಾನು ನೌಕರನಲ್ಲ. ತಂಗಿ ನೌಕರಿಯಲ್ಲಿರುವುದರಿಂದ ಈ ಬಳಗದಲ್ಲಿದ್ದೇನೆ. ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ಎಲೆಚುಕ್ಕೆ ರೋಗಕ್ಕೆ ನಮ್ಮ ತೋಟ ಹೋಗುತ್ತಿದೆ. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಿಗೆ ವೃದ್ಧರಿಗಾಗಿ ಇರುವ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಸಂಬಳವಿದ್ದವರಿಗೆ ಜೀವನಪೂರ್ತಿ ಅರ್ಧ ಸಂಬಳವನ್ನು ನಮ್ಮ ತೆರಿಗೆಯಿಂದ ಏಕೆ ಕೊಡಬೇಕು?

ಉತ್ತರ

ಬೇಸರವೇಕೆ ಅಣ್ಣ? ಈ ಪ್ರಶ್ನೆ ಕೇಳಿದವರನ್ನು ನೌಕರ ವಿರೋಧಿ ಎಂದು ಬಾಯಿ ಮುಚ್ಚಿಸುವುದು ನನಗೆ ಸರಿಕಾಣುವುದಿಲ್ಲ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಲ್ಲ ರಾಜ್ಯಗಳೂ ಹಳೆ ಪಿಂಚಣಿಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ ಹೊರೆಯ 4.5 ಪಟ್ಟಿನವರೆಗೆ ಹೋಗಬಹುದು ಎಂದು ಅಂದಾಜಿಸಿತು. ಆದರೂ ಪಕ್ಷಗಳಿಗೆ ಆ ಘೋಷಣೆ ಸುಲಭ. ಮರಳಿದ ದಿನದಿಂದ ಸರ್ಕಾರ ತನ್ನ ಶೇ 14 ವಂತಿಗೆ ಕಟ್ಟಬೇಕಿಲ್ಲ, ಆ ಹಣ ಈ ವರ್ಷದ ಬಜೆಟ್‌ನಲ್ಲೇ ಉಳಿಯುತ್ತದೆ. ಪಿಂಚಣಿ ಕೊಡಬೇಕಾದದ್ದು ಆ ನೌಕರರು ನಿವೃತ್ತರಾದಾಗ, ಹತ್ತಿಪ್ಪತ್ತು ವರ್ಷಗಳ ನಂತರ. ಅಷ್ಟರಲ್ಲಿ ಘೋಷಿಸಿದವರು ಅಧಿಕಾರದಲ್ಲಿ ಇರುವುದಿಲ್ಲ. ಹೊರೆ ಬೀಳುವುದು ಈಗ ಶಾಲೆಗೆ ಹೋಗುತ್ತಿರುವ ನಿಮ್ಮ ಮಕ್ಕಳ ತೆರಿಗೆಯ ಮೇಲೆ.

ಹಾಗೆಂದು ಪಿಂಚಣಿಯನ್ನು ದಾನ ಎನ್ನಬೇಡಿ. ಅದು ದುಡಿದ ಕಾಲದ ವೇತನದ ಒಂದು ಭಾಗ, ಕೊಡುವುದನ್ನು ಮುಂದಕ್ಕೆ ಹಾಕಿದ್ದು ಅಷ್ಟೇ. ಆಗುಂಬೆಯ ಮಳೆಯಲ್ಲಿ ಶಾಲೆ ನಡೆಸುವವರಿಗೆ, ಕಾಡಿನಲ್ಲಿ ಗಸ್ತು ತಿರುಗುವವರಿಗೆ ಮುಪ್ಪಿನ ಭದ್ರತೆ ಇಲ್ಲದಿದ್ದರೆ ಆ ಕೆಲಸಗಳಿಗೆ ಬರುವವರಾರು? ನನ್ನ ಮಟ್ಟಿಗೆ ದಾರಿ ಇದು: ಪಿಂಚಣಿ ಖಾತ್ರಿಯಾಗಿರಬೇಕು, ಬೆಲೆಯೊಂದಿಗೆ ಏರಬೇಕು, ಆ ಖಾತ್ರಿಗೆ ಹಣವನ್ನು ಇವತ್ತಿನಿಂದಲೇ ನಿಧಿಯಲ್ಲಿ ಕೂಡಿಡಬೇಕು. ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ, 2025ರ ಏಪ್ರಿಲ್ 1ರಿಂದ ಬಂದದ್ದು, ಹೆಚ್ಚು ಕಡಿಮೆ ಈ ಜಾಡಿನಲ್ಲಿದೆ. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷ ಸೇವೆಯಾದವರಿಗೆ ಕನಿಷ್ಠ 10,000, ಬೆಲೆ ಏರಿಕೆಗೆ ತಕ್ಕ ಪರಿಹಾರ. ನೌಕರರ ಶೇ 10ಕ್ಕೆ ಸರ್ಕಾರದ ಕಡೆಯಿಂದ ಒಟ್ಟು ಶೇ 18.5. ರಾಜ್ಯದ ನೌಕರರಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ, ರಾಜ್ಯ ಸರ್ಕಾರ ಒಪ್ಪಿ ಆದೇಶ ಮಾಡಬೇಕು. ಅದರಲ್ಲೂ ಕೊರತೆಗಳಿವೆ. ಖಾತ್ರಿ ಬೇಕಾದರೆ ಖಾತೆಯಲ್ಲಿ ಕೂಡಿದ ಹಣವನ್ನು ಬಿಟ್ಟುಕೊಡಬೇಕು, ನೌಕರ ಸಂಘಗಳ ದೊಡ್ಡ ಆಕ್ಷೇಪ ಅದೇ.

ನಿಮ್ಮ ಅಜ್ಜಿಯ 1,200 ರೂಪಾಯಿ ನಾಚಿಕೆಗೇಡು. 2025ರಲ್ಲಿ ಶಾಸಕರ ವೇತನವನ್ನು ಇಮ್ಮಡಿ ಮಾಡಿ, ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000ಕ್ಕೆ ಏರಿಸಿದ ವಿಧಾನಮಂಡಲಕ್ಕೆ ಆ ಅಜ್ಜಿ ಕಾಣಬೇಕಿತ್ತು. ನೌಕರ ಸಂಘಗಳೂ ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಆಕೆಯ ಹೆಸರಿನಲ್ಲೊಂದು ಸಾಲು ಸೇರಿಸಿದರೆ ನಿಮ್ಮಂಥವರು ಅವರ ಜೊತೆ ನಿಲ್ಲುತ್ತೀರಿ ಎಂದು ನಂಬಿದ್ದೇನೆ.

ಪ್ರಶ್ನೆ: ಭದ್ರಾವತಿಯಿಂದ

ಅಪ್ಪ ಇಲ್ಲಿನ ಖಾಸಗಿ ಕಾರ್ಖಾನೆಯಲ್ಲಿ ದುಡಿದವರು. ಭವಿಷ್ಯ ನಿಧಿಯ ಕಡೆಯಿಂದ ಬರುವ ಇಪಿಎಸ್ ಪಿಂಚಣಿ ಎರಡು ಸಾವಿರವೂ ಇಲ್ಲ. ಲೆಕ್ಕ ತಪ್ಪಿರಬಹುದೇ?

ಉತ್ತರ

ತಪ್ಪಿರಲೇಬೇಕೆಂದಿಲ್ಲ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆ ಸಂಬಳಕ್ಕೆ 15,000ದ ಮಿತಿ ಇದೆ, ಹಿಂದೆ ಮಿತಿ ಇನ್ನೂ ಕಡಿಮೆ ಇತ್ತು. ತುಟ್ಟಿಭತ್ಯೆ ಇಲ್ಲ. ಕನಿಷ್ಠ 1,000 ಎಂದು 2014ರಲ್ಲಿ ನಿಗದಿಯಾಯಿತು. ಸೇವಾವಧಿ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಪಿಂಚಣಿ ಪಾವತಿ ಆದೇಶದ ಪ್ರತಿಯಲ್ಲಿ ನೋಡಿ. ವರ್ಷಗಳು ಬಿಟ್ಟುಹೋಗಿದ್ದರೆ ಭವಿಷ್ಯ ನಿಧಿ ಕಚೇರಿಗೆ ಅರ್ಜಿ ಕೊಡಿ.

ಪ್ರಶ್ನೆ: ಅರಣ್ಯ ಇಲಾಖೆ, ಸೊರಬ

ಮೇಡಂ, ರಾಜ್ಯ ನೌಕರರ ನಗದುರಹಿತ ಚಿಕಿತ್ಸಾ ಯೋಜನೆಯಾದ ಆರೋಗ್ಯ ಸಂಜೀವಿನಿಗೆ ಸಂಬಳದಿಂದ ತಿಂಗಳಿಗೆ 350 ರೂಪಾಯಿ ಹೋಗುತ್ತಿದೆ. ಮೊದಲು ಇದ್ದ ಜ್ಯೋತಿ ಸಂಜೀವಿನಿ ಯೋಜನೆಗೆ ಏನೂ ಕಟ್ಟಬೇಕಿರಲಿಲ್ಲ. ಇದು ಈಗಿನ ಸರ್ಕಾರ ನಮ್ಮ ಜೇಬಿಗೆ ಕೈ ಹಾಕಿದ್ದು ಎಂದು ನಮ್ಮ ಕಚೇರಿಯಲ್ಲಿ ಅರ್ಧ ಮಂದಿ ಹೇಳುತ್ತಾರೆ. ಯೋಜನೆಯಿಂದ ಪ್ರಯೋಜನ ಇದೆಯೇ?

ಉತ್ತರ

ಇದಕ್ಕೂ ಎರಡು ಪಕ್ಷಗಳು ಬಾಧ್ಯರು. ಆರೋಗ್ಯ ಸಂಜೀವಿನಿಯ ಆದೇಶವಾದದ್ದು 2022ರಲ್ಲಿ, ಬಿಜೆಪಿ ಸರ್ಕಾರವಿದ್ದಾಗ. ಜಾರಿಯಾದದ್ದು 2025ರ ಅಕ್ಟೋಬರ್ 1ರಿಂದ, ಕಾಂಗ್ರೆಸ್ ಸರ್ಕಾರದಲ್ಲಿ. ವಂತಿಗೆ ಎ ಗುಂಪಿಗೆ 1,000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250.

ಜ್ಯೋತಿ ಸಂಜೀವಿನಿ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದಂಥ ಏಳು ದೊಡ್ಡ ವಿಭಾಗಗಳಿಗೆ ಸೀಮಿತವಾಗಿತ್ತು. ಉಳಿದ ಕಾಯಿಲೆಗಳಿಗೆ ಕೈಯಿಂದ ಕೊಟ್ಟು, ಬಿಲ್ಲುಗಳನ್ನು ಕಟ್ಟಿ, ಮರುಪಾವತಿಗೆ ಕಾಯಬೇಕಿತ್ತು. ಖಜಾನೆಗೆ ಬರುತ್ತಿದ್ದ ಆ ವೈದ್ಯಕೀಯ ಬಿಲ್ಲುಗಳನ್ನು ನೋಡಿದವಳು ನಾನು. ಹಣ ಬರುವಷ್ಟರಲ್ಲಿ ಬಡ್ಡಿ ಸಾಲ ಬೆಳೆದಿರುತ್ತಿತ್ತು. ಆದ್ದರಿಂದ ನಗದುರಹಿತ ಚಿಕಿತ್ಸೆಗಾಗಿ ವರ್ಷಕ್ಕೆ 4,200 ರೂಪಾಯಿ ಕೊಡುವುದು ದಂಡವಲ್ಲ. ಹೊರಗೆ ಒಂದು ಕುಟುಂಬಕ್ಕೆ ಆ ದರದಲ್ಲಿ ವಿಮೆ ಸಿಗುವುದು ಕಷ್ಟ.

ಆದರೆ ಮಲೆನಾಡಿನವರು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ವಂತಿಗೆಯದ್ದಲ್ಲ, ಆಸ್ಪತ್ರೆಯದ್ದು. ಸೊರಬ, ಹೊಸನಗರದಂಥ ತಾಲೂಕಿನಲ್ಲಿ ದೊಡ್ಡ ಕಾಯಿಲೆ ಬಂದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ಮಳೆಗಾಲದ ಘಾಟಿಯಲ್ಲಿ ಆ ದಾರಿ ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಿಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಯಿಲೆ ಹರಡುವ ಉಣ್ಣಿಹುಳ ಮೈಗೆ ಹತ್ತುವಂಥ ಕಾಡಿನ ಕೆಲಸ ಮಾಡುವವರು ನೀವು. ನಿಮಗೆ ಬೆಂಗಳೂರಿನ ಆಸ್ಪತ್ರೆಗಳ ಉದ್ದದ ಪಟ್ಟಿಗಿಂತ ಹತ್ತಿರದ ಒಂದು ಆಸ್ಪತ್ರೆ ನೋಂದಾಯಿತವಾಗಿರುವುದು ಮುಖ್ಯ. ನಿಮ್ಮ ಸಂಘದ ತಾಲೂಕು ಘಟಕ ಈ ಬೇಡಿಕೆಯನ್ನು ಲಿಖಿತವಾಗಿ ಇಡಲಿ.

ಇನ್ನೊಂದು ಅನ್ಯಾಯ: ಜಾರಿಗೆ ಬಂದಾಗ ಯೋಜನೆಯಲ್ಲಿ ನಿವೃತ್ತರನ್ನು ಸೇರಿಸಿರಲಿಲ್ಲ. ಕಾಯಿಲೆ ಹೆಚ್ಚುವ ವಯಸ್ಸಿನಲ್ಲಿ ಕೈಬಿಡುವುದನ್ನು ನಾನು ಒಪ್ಪಲಾರೆ.

ಸದ್ಯಕ್ಕೆ ನೀವು ಮಾಡಬೇಕಾದದ್ದು: ಪತ್ನಿ, ಮಕ್ಕಳು, ಅವಲಂಬಿತ ತಂದೆ ತಾಯಿಯ ವಿವರ ಎಚ್‌ಆರ್‌ಎಂಎಸ್‌ನಲ್ಲಿ (ನೌಕರರ ವೇತನ ಮತ್ತು ಸೇವಾ ವಿವರಗಳ ಸರ್ಕಾರಿ ತಂತ್ರಾಂಶ) ಸರಿಯಾಗಿ ಸೇರಿದೆಯೇ ಎಂದು ವೇತನ ಬಟವಾಡೆ ಅಧಿಕಾರಿಯ ಬಳಿ ನೋಡಿ. ಆಧಾರ್‌ನಲ್ಲಿರುವ ಹೆಸರಿಗೂ ಅಲ್ಲಿನ ಹೆಸರಿಗೂ ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ, ತುರ್ತು ಹೊತ್ತಿನಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಅದನ್ನು ಮಾಡಲು ಆಗುವುದಿಲ್ಲ.